ಭಾನುವಾರದ ಕಲ್ಲು

ನಮ್ಮ ಔದೆಶೋರ್‌ನಲ್ಲಿ ಹೆದರುವುದಕ್ಕೆಂದೇ ಸಂಬಳ ತೆಗೆದುಕೊಳ್ಳುತ್ತಿದ್ದವಳು ಮಿನಾ ವಿಸ್ಸೆ ಒಬ್ಬಳೇ. ಉಳಿದವರಿಗೆ ಹೆದರಿಕೆ ಇರಲಿಲ್ಲ ಎಂದಲ್ಲ. ಇತ್ತು, ಆದರೆ ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಸಮುದ್ರಕ್ಕೆ ಹೆದರುವವರಿಗೆ ದೇವರ ಮೇಲೆ ನಂಬಿಕೆ ಸಾಲದು ಎಂಬುದು ಊರಿನ ತೀರ್ಮಾನ. ಮಿನಾ ಮಾತ್ರ ಉಬ್ಬರದ ಹೊತ್ತಿಗೆ ದಿನಕ್ಕೆರಡು ಸಲ ಮರದ ಜೋಡು ಮೆಟ್ಟಿ ಕಟ್ಟೆಯ ಕಂಡಿಗೆ ಹೋಗಿ, ನೀರು ಎಷ್ಟನೇ ಕಲ್ಲಿಗೆ ಬಂದಿದೆಯೆಂದು ನೋಡಿ ಬರುತ್ತಿದ್ದಳು. ಮಳೆಯಿರಲಿ, ಜ್ವರವಿರಲಿ, ತಪ್ಪಿಸಿದವಳಲ್ಲ. ಊರಿನ ಗಂಡಸರು ಅವಳನ್ನು ಕಂಡರೆ ನಗುತ್ತಿದ್ದರು. 'ಏನಮ್ಮ, ಸಮುದ್ರ ಇನ್ನೂ ಅಲ್ಲೇ ಇದೆಯಾ' ಎಂದು ಕೇಳುವುದು ಅವರಿಗೆ ದಿನದ ಊಟದಷ್ಟೇ ಅಭ್ಯಾಸವಾಗಿತ್ತು.

ಇದೆಯಾ ಎಂದರೆ ಇದೆ. ಉಬ್ಬರ ಬಂದಾಗ ನಮ್ಮೂರಿನ ಅಂಗಳಗಳು ಸಮುದ್ರಕ್ಕಿಂತ ಒಂದಾಳು ತಗ್ಗಿನಲ್ಲಿರುತ್ತವೆ. ನಡುವೆ ಇರುವುದು ಮಣ್ಣಿನ ಕಟ್ಟೆ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುರಿ. ಇದಕ್ಕೂ ಮುಂಚೆ ಇನ್ನೊಂದು ಔದೆಶೋರ್ ಇತ್ತು. ಅದು ಕಟ್ಟೆಯಾಚೆ ಕೆಸರಿನಡಿ ಮಲಗಿದೆ. ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಅದರ ಬಾವಿಯ ಇಟ್ಟಿಗೆ ಸುತ್ತು ಇವತ್ತಿಗೂ ಕಾಣಿಸುತ್ತದೆ. ಮುಳುಗಿದ ಊರಿನ ಬೆನ್ನಿಗೇ ಹೊಸ ಊರು ಕಟ್ಟಿದ ನಮ್ಮ ಹಿರಿಯರ ಧೈರ್ಯಕ್ಕೆ ಮೆಚ್ಚಬೇಕೋ ಬುದ್ಧಿಗೆ ಮರುಗಬೇಕೋ ನನಗಂತೂ ತಿಳಿಯದು. ಅದೂ ಸಾಲದೆಂದು ಅವರ ಮೊಮ್ಮಕ್ಕಳು ಆ ಕಟ್ಟೆಗೇ ಒಂದು ಕಂಡಿ ಕೊರೆದರು. ಬೀಟ್‌ಗೆಡ್ಡೆಯ ಗಾಡಿಗಳು ಬಂದರಿಗೆ ಹೋಗಬೇಕು, ಕಟ್ಟೆ ಹತ್ತಿ ಇಳಿದರೆ ಕುದುರೆಗಳ ಮೊಣಕಾಲು ಹೋಗುತ್ತದೆ ಎಂಬುದು ಕಾರಣ. ಕುದುರೆಯ ಮೊಣಕಾಲು ಉಳಿಸಲು ಸಮುದ್ರಕ್ಕೆ ಬಾಗಿಲು ತೆರೆದಿಟ್ಟ ಊರು ನಮ್ಮದು.

ಬಾಗಿಲು ಮುಚ್ಚುವ ಕ್ರಮವೂ ಇತ್ತು. ಕಂಡಿಯ ಎರಡು ಪಕ್ಕದ ಕಲ್ಲುಗೋಡೆಗಳಲ್ಲಿ ಎದುರುಬದುರಾಗಿ ಉದ್ದನೆಯ ಸೀಳುಗಳಿವೆ. ನೀರು ಏರಿದರೆ ಚರ್ಚಿನ ಗಂಟೆ ಬಾರಿಸಬೇಕು. ಊರವರು ಓಡಿ ಬಂದು, ಪಕ್ಕದ ಕೊಟ್ಟಿಗೆಯಲ್ಲಿಟ್ಟ ಓಕ್ ಹಲಗೆಗಳನ್ನು ಸೀಳುಗಳೊಳಗೆ ಒಂದರ ಮೇಲೊಂದು ಇಳಿಸಿ, ಹಿಂದೆ ಮುಂದೆ ಎರಡು ಹಲಗೆಗೋಡೆ ಎಬ್ಬಿಸಬೇಕು. ನಡುವಿನ ಸಂದಿಗೆ ಕುದುರೆ ಲದ್ದಿ ತುಂಬಿ ತುಳಿಯಬೇಕು. ಒಂದು ಲಾಯಕ್ಕೆ ಒಂದು ಗಾಡಿ ಲದ್ದಿ ಎಂದು ಅಜ್ಜಂದಿರ ಕಾಲದ ಕಟ್ಟಳೆ. ಓಕ್ ಹಲಗೆ ಎಷ್ಟು ಗಟ್ಟಿಯಾಗಿದ್ದರೂ ಸಂದಿನಲ್ಲಿ ನೀರು ಬಿಟ್ಟೇ ಬಿಡುತ್ತದೆ. ಕೊನೆಗೆ ಸಮುದ್ರವನ್ನು ತಡೆಯುವುದು ಲದ್ದಿ. ಒಟ್ಟು ಇಪ್ಪತ್ತನಾಲ್ಕು ಹಲಗೆ, ಒಂದೊಂದಕ್ಕೆ ಇಬ್ಬರು ಬೇಕು. ಊರೆಲ್ಲ ಕೈಹಾಕಿದರೂ ಒಂದು ಗಂಟೆಯ ಕೆಲಸ.

ಯಾವಾಗ ಗಂಟೆ ಬಾರಿಸಬೇಕೆಂದು ಹೇಳಲು ಕಂಡಿಯ ಹೊರಬದಿಯ ಗೋಡೆಯಲ್ಲಿ ಏಳು ವರಸೆ ಕಲ್ಲುಗಳಿದ್ದವು. ಕೆಳಗಿನಿಂದ ಎಣಿಸಿ, ನೀರು ಮೂರನೆಯದನ್ನು ಮುಟ್ಟಿದರೆ ಬಾರಿಸು. ಏಳನೆಯದರ ತಲೆ ಎಂದರೆ ರಸ್ತೆಯ ಮಟ್ಟ, ಅಲ್ಲಿಂದ ಮುಂದೆ ನುಗ್ಗುವ ನೀರಿನಲ್ಲಿ ಹಲಗೆ ಇಳಿಸಲಾಗದು. ಕಲ್ಲು ನೋಡಿ ಗಂಟೆ ಬಾರಿಸುವವನಿಗೆ ಕಂಡಿಯ ಪಕ್ಕದಲ್ಲೇ ಒಂದು ಪುಟ್ಟ ಮನೆ ಕೊಟ್ಟಿದ್ದರು. ನೀರು ಒಳಗೆ ಬಂದರೆ ಮೊದಲು ಹೋಗುವುದು ಆ ಮನೆ. ಕಾವಲಿನವನು ನಿದ್ದೆ ಮಾಡದಿರಲಿ ಎಂದೇ ಹಾಗೆ ಕಟ್ಟಿಸಿದ್ದಿರಬೇಕು.

ಮಿನಾಳ ಗಂಡ ಕ್ರೈನ್ ವಿಸ್ಸೆ ಹದಿನಾರು ವರ್ಷ ಆ ಕೆಲಸ ಮಾಡಿದ. ಮಾತು ಕಡಿಮೆ, ಕೈ ಚುರುಕು. ಒಂದು ಭಾನುವಾರ ಮಧ್ಯಾಹ್ನ ಆರಾಧನೆ ನಡೆಯುತ್ತಿದ್ದಾಗ ನೀರು ಮೂರನೇ ಕಲ್ಲು ಮುಟ್ಟಿತು. ಕ್ರೈನ್ ಓಡಿ ಹೋಗಿ ಗಂಟೆ ಬಾರಿಸಿದ. ದೇವರ ದಿನ ಒಂದು ಗುಂಡಿ ಹೊಲಿಯಲೂ ಸೂಜಿ ಮುಟ್ಟದ ಜನ ಕಪ್ಪು ಬಟ್ಟೆಯಲ್ಲೇ ಹಲಗೆ ಹೊತ್ತರು, ಲದ್ದಿ ತುಳಿದರು. ಅಷ್ಟರಲ್ಲಿ ಗಾಳಿ ಬಿದ್ದುಹೋಯಿತು. ನೀರು ನಾಲ್ಕನೇ ಕಲ್ಲನ್ನೂ ನೆನೆಸದೆ ಬಂದ ದಾರಿಯಲ್ಲೇ ಇಳಿದುಹೋಯಿತು. ಊರಿಗೆ ಊರೇ ಲದ್ದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೇರೆ ಊರಾಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದರು. ನಮ್ಮಲ್ಲಿ ಸಭೆ ಸೇರಿತು. ಚರ್ಚಿನ ಹಿರಿಯ ಮಾರಿನಸ್ ಗೆಲ್ಡೊಫ್ ಎಲ್ಲರಿಗಿಂತ ದೊಡ್ಡ ಜಮೀನಿನವನು, ಎಲ್ಲರಿಗಿಂತ ದೊಡ್ಡ ದನಿಯವನು. ಕ್ರೈನ್ ಹೇಡಿತನದಿಂದ ಇಡೀ ಸಭೆಯನ್ನು ಪಾಪಕ್ಕೆ ತಳ್ಳಿದ ಎಂದು ಅವನು ಹೇಳಿದ. ಮುಂದಿನ ಭಾನುವಾರ ಕ್ರೈನ್ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಳ್ಳಬೇಕಾಯಿತು. ಒಪ್ಪಿಕೊಂಡ. ಅವತ್ತಿನಿಂದ ಅವನು ಮಾತನ್ನು ಪೂರ್ತಿ ನಿಲ್ಲಿಸಿದನೆಂದೇ ಹೇಳಬೇಕು, ಹೆಂಡತಿಯೊಡನೆಯೂ. ನಾಲ್ಕು ವರ್ಷ ಹಾಗೆ ಬದುಕಿ ಎದೆನೋವಿನಲ್ಲಿ ಸತ್ತ. ವೈದ್ಯರು ಶ್ವಾಸಕೋಶ ಎಂದರು. ಮಿನಾ ಅದನ್ನು ನಂಬಲಿಲ್ಲ.

ಸಭೆ ಇನ್ನೊಂದು ಕೆಲಸವನ್ನೂ ಮಾಡಿತು. ಮೂರನೇ ಕಲ್ಲು ವಾರದ ದಿನಗಳಿಗೆ ಇರಲಿ, ಭಾನುವಾರ ಮಾತ್ರ ಐದನೇ ಕಲ್ಲಿಗೆ ನೀರು ಬಂದ ಮೇಲೆ ಗಂಟೆ ಎಂದು ತೀರ್ಮಾನಿಸಿ, ಐದನೇ ಕಲ್ಲಿಗೆ ಬಿಳಿ ಸುಣ್ಣ ಬಳಿಸಿತು. ಊರಿನಲ್ಲಿ ಅದಕ್ಕೆ ಭಾನುವಾರದ ಕಲ್ಲು ಎಂದೇ ಹೆಸರಾಯಿತು. ಸಮುದ್ರ ನಮ್ಮ ಜೊತೆ ಕ್ಯಾಲೆಂಡರ್ ನೋಡಿಕೊಂಡು ಏರುತ್ತದೆ ಎಂದು ನಂಬಿದ ಜನ ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದರೆ ನನಗೆ ತೋರಿಸಿ.

ಕ್ರೈನ್ ಸತ್ತ ಮೇಲೆ ಆ ಕೆಲಸಕ್ಕೆ ಯಾರೂ ಬರಲಿಲ್ಲ. ಹೀಗಾಗಿ ಹೆಂಗಸಾದರೂ ಸರಿ ಎಂದು ಅರ್ಧ ಸಂಬಳಕ್ಕೆ ಮಿನಾಳಿಗೇ ಒಪ್ಪಿಸಿದರು. ಹಾಸಿಗೆ ಹಿಡಿದ ಅತ್ತೆಯನ್ನು ಕಟ್ಟಿಕೊಂಡು ಅವಳು ಬೇರೆಲ್ಲಿಗೆ ಹೋದಾಳು? ಆದರೆ ಕಲ್ಲುಗಳ ಮುಂದೆ ನಿಂತ ಮೊದಲ ವಾರದಲ್ಲೇ ಅವಳಿಗೆ ಒಂದು ವಿಷಯ ಹೊಳೆಯಿತು. ವಾಯವ್ಯದ ಗಾಳಿ ಬೀಸುವ ದಿನ ನೀರು ಮೂರನೇ ಕಲ್ಲಿನಿಂದ ರಸ್ತೆಗೆ ಬರಲು ಒಂದೂಕಾಲು ಗಂಟೆ. ಐದನೇ ಕಲ್ಲಿನಿಂದಾದರೆ ಅರ್ಧ ಗಂಟೆ. ಹಲಗೆ ಇಳಿಸಲು ಒಂದು ಗಂಟೆ ಬೇಕು. ಅಂದರೆ ಭಾನುವಾರ ಗಾಳಿ ವಾಯವ್ಯಕ್ಕೆ ತಿರುಗಿದರೆ ಊರು ಹೋಯಿತೆಂದೇ ಅರ್ಥ. ಇದನ್ನು ಅವಳು ಗೆಲ್ಡೊಫ್‌ನ ಮನೆಗೆ ಹೋಗಿ ಹೇಳಿದಳು. ಅವನು ಅವಳನ್ನು ಒಳಗೆ ಕರೆಯಲೂ ಇಲ್ಲ. ನೀರನ್ನು ಹಿಡಿದಿರುವುದು ದೇವರ ಕೈ, ನಿನ್ನ ಗಡಿಯಾರ ಅಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ. ಆಮೇಲೆ ಅವಳು ಮತ್ತೆ ಬಾಯಿ ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಎದ್ದವಳೇ ಮೊದಲು ಚರ್ಚಿನ ಗೋಪುರದ ಮೇಲೆ ಗಾಳಿಯ ದಿಕ್ಕು ತೋರಿಸುವ ಗಾಳಿಕೋಳಿ ಯಾವ ಕಡೆಗೆ ಮುಖ ಮಾಡಿದೆಯೆಂದು ನೋಡುತ್ತಿದ್ದಳು. ನೈಋತ್ಯಕ್ಕಿದ್ದರೆ ಉಸಿರು ಬಿಡುತ್ತಿದ್ದಳು. ಹೀಗೆ ಆರು ವರ್ಷ ಕಳೆಯಿತು.

ಏಳನೇ ವರ್ಷದ ನವೆಂಬರ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ಗಾಳಿಕೋಳಿ ನೈಋತ್ಯಕ್ಕೇ ಇತ್ತು. ಆದರೆ ಹಿಂದಿನ ದಿನ ಹುಣ್ಣಿಮೆ, ಉಬ್ಬರ ದೊಡ್ಡದಾಗುವ ಹೊತ್ತು. ಮಧ್ಯಾಹ್ನ ಊರೆಲ್ಲ ಎರಡನೇ ಆರಾಧನೆಗೆ ಹೋಯಿತು. ಹೆಂಗಸರು ಬಿಳಿ ಟೊಪ್ಪಿಗೆ ಹಾಕಿ, ಕಾಲು ಬೆಚ್ಚಗಿಡುವ ಕೆಂಡದ ಪೆಟ್ಟಿಗೆ ಹಿಡಿದು ನಡೆದರು. ಕಾವಲಿನವಳೆಂದು ಮಿನಾಳಿಗೆ ಮಾತ್ರ ಮನೆಯಲ್ಲಿರಲು ಅನುಮತಿ ಇತ್ತು. ಎರಡು ಗಂಟೆಗೆ ಅವಳು ಅತ್ತೆಗೆ ಕಾಫಿ ಕುಡಿಸುತ್ತಿದ್ದಳು. ಚಿಮಣಿಯಲ್ಲಿ ಊಳಿಡುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಎರಡು ಮೂರು ಉಸಿರಿನ ನಂತರ ಮತ್ತೆ ಶುರುವಾಯಿತು, ಈ ಸಲ ಇನ್ನೊಂದು ದನಿಯಲ್ಲಿ. ಸಮುದ್ರದ ಕಡೆಯ ಕಿಟಕಿ ಗಡಗಡ ನಡುಗಿತು. ಮಿನಾ ಕಾಫಿಯ ಕಪ್ಪನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು.

ಗಾಳಿಕೋಳಿ ವಾಯವ್ಯಕ್ಕೆ ತಿರುಗಿತ್ತು. ಕಂಡಿಯ ಹೊರಗೆ ಹೋಗಿ ನೋಡಿದರೆ ಬಂದರಿನ ದೋಣಿಗಳು ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಕುಣಿಯುತ್ತಿದ್ದವು. ಉಬ್ಬರ ತುಂಬಲು ಇನ್ನೂ ಎರಡು ಗಂಟೆ ಇತ್ತು, ಆದರೂ ನೀರು ಮೂರನೇ ಕಲ್ಲಿನ ಮೇಲೆ ನಾಲಿಗೆ ಆಡಿಸುತ್ತಿತ್ತು. ಅವಳು ನಿಂತೇ ನಿಂತಳು. ಕಲ್ಲು ನೆನೆಯಿತು, ಅಲೆ ಹಿಂದೆ ಸರಿಯಿತು, ಮತ್ತೆ ನೆನೆಯಿತು. ಆಮೇಲೆ ಒಣಗಲೇ ಇಲ್ಲ.

ವಾರದ ದಿನವಾಗಿದ್ದರೆ ಈಗ ಅವಳು ಹಗ್ಗ ಎಳೆಯುತ್ತಿರಬೇಕಿತ್ತು. ಇವತ್ತು ಎರಡು ಕಲ್ಲು ಕಾಯಬೇಕು. ಕಾದರೆ ಎಲ್ಲ ಮುಗಿಯುತ್ತದೆ. ಕಾಯದೆ ಬಾರಿಸಿ, ಗಾಳಿ ಬಿದ್ದುಹೋದರೆ? ಕ್ರೈನ್ ಎದ್ದು ನಿಂತ ಜಾಗ ಅವಳ ಕಣ್ಣಮುಂದೆ ಬಂತು. ಅವನ ಕುತ್ತಿಗೆ ಕೆಂಪಾಗಿದ್ದು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆಂಚನ್ನು ಹಿಡಿದದ್ದು ನೆನಪಾಯಿತು. ಮಿನಾಳಿಗೆ ಸಮುದ್ರದ ಹೆದರಿಕೆ ಮೊದಲಿನಿಂದ ಇತ್ತು. ಜನರ ಹೆದರಿಕೆ ಆ ಭಾನುವಾರ ಸೇರಿಕೊಂಡಿತ್ತು. ಈಗ ಎರಡೂ ಒಟ್ಟಿಗೆ ಬಂದು ನಿಂತಾಗ, ಹಿಂದೆ ಹೋದರೆ ಹಾವು ಮುಂದೆ ಹೋದರೆ ಹುಲಿ ಎನ್ನುವಂತಾಗಿ ಅವಳು ಮನೆಗೇ ವಾಪಸ್ಸು ಓಡಿದಳು.

ಅತ್ತೆ ಮಾಟ್ಯೆಗೆ ಎಂಬತ್ತೆರಡು ವರ್ಷ. ಗೋಡೆಯೊಳಗೆ ಕಪಾಟಿನ ಹಾಗೆ ಬಾಗಿಲಿಟ್ಟು ಕಟ್ಟಿದ ಮಂಚದಲ್ಲಿ, ಬಾಗಿಲು ತೆರೆದುಕೊಂಡು ಮಲಗಿದ್ದಳು. ಕಾಲು ಸತ್ತಿದ್ದರೂ ನಾಲಿಗೆ ಸತ್ತಿರಲಿಲ್ಲ.

"ಎಷ್ಟನೇ ಕಲ್ಲು?" ಎಂದಳು.

"ಮೂರು ದಾಟ್ತು, ಅತ್ತೆ."

"ಮತ್ತೆ ಇಲ್ಲೇನ್ಮಾಡ್ತಾ ಇದ್ದೀಯ? ನನ್ ಮುಖ ನೋಡೋಕ್ ಬಂದ್ಯಾ?"

"ಇವತ್ತು ಭಾನುವಾರ."

"ಅದನ್ನ ನೀರಿಗೆ ಹೇಳ್ದ್ಯಾ?"

ಗಾಳಿ ಬಿದ್ದರೂ ಬೀಳಬಹುದು, ಇನ್ನು ಕಾಲು ಗಂಟೆ ನೋಡೋಣ ಎಂದು ಮಿನಾ ಮೆಲ್ಲನೆ ಗೊಣಗಿದಳು. ಮುದುಕಿ ಅವಳನ್ನೇ ನೋಡುತ್ತಾ ಇದ್ದು, ಆಮೇಲೆ ಬೈಗುಳದ ದನಿ ಬಿಟ್ಟು ಹೇಳಿದಳು. "ನನ್ ಮಗನನ್ನ ಅವ್ರು ನಿಲ್ಲಿಸಿದ ಹಾಗೆ ನಿನ್ನನ್ನೂ ನಿಲ್ಲಿಸ್ತಾರೆ. ಅದಕ್ಕೇ ತಾನೆ ಹೆದರ್ತಿರೋದು. ನಿಲ್ಲಿಸ್ಲಿ ಬಿಡು. ನಿಂತ್ಕೊಂಡೋರು ಮುಳುಗೋದಿಲ್ಲ. ಮಲ್ಕೊಂಡಿರೋಳು ನಾನು."

ಮಿನಾ ಹೊರಟಳು. ಕಂಡಿಯಿಂದ ಚರ್ಚಿಗೆ ನಾನೂರು ಹೆಜ್ಜೆ. ಗಾಳಿ ಬೆನ್ನಿಗೆ ಬಿದ್ದು ತಳ್ಳುತ್ತಿತ್ತು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮನೆಗಳ ಬಾಗಿಲು ಹಾಕಿತ್ತು, ಒಳಗಿಂದ ಭಾನುವಾರದ ಸಾರಿನ ವಾಸನೆ ಬರುತ್ತಿತ್ತು. ಇಷ್ಟೂ ಮನೆಗಳ ಒಳಗೆ ಇನ್ನೊಂದು ಗಂಟೆಯಲ್ಲಿ ನೀರು ಹೇಗೆ ಸುತ್ತುತ್ತದೆಂದು ಯೋಚನೆ ಬಂದು ಅವಳು ಹೆಜ್ಜೆ ಬಿರುಸು ಮಾಡಿದಳು.

ಗಂಟೆಯ ಹಗ್ಗ ಇಳಿಬಿದ್ದಿರುವುದು ಗೋಪುರದ ಬುಡದಲ್ಲಿ, ಮುಖ್ಯ ಬಾಗಿಲಿನ ಒಳಗೇ. ಎದುರಿಗೆ ಇಡೀ ಊರಿನ ಬೆನ್ನು. ಪಾದ್ರಿಗಳು ಪ್ರಸಂಗದ ಎರಡನೇ ಭಾಗಕ್ಕೆ ಬಂದಿದ್ದರು. ಭಾಗಕ್ಕೊಂದರಂತೆ ಚೀಪುವ ಪೆಪ್ಪರ್‌ಮಿಂಟಿನಲ್ಲಿ ಎರಡನೆಯದನ್ನು ಹೆಂಗಸರು ಪಕ್ಕದವರಿಗೆ ದಾಟಿಸುತ್ತಿದ್ದರು. ಮಿನಾ ಹಗ್ಗ ಹಿಡಿದಳು. ಎಳೆಯಲು ಕೈ ಏಳಲಿಲ್ಲ. ಇಷ್ಟು ಹೊತ್ತಿಗೆ ನೀರು ಭಾನುವಾರದ ಕಲ್ಲಿಗೆ ಮುಟ್ಟಿಬಿಟ್ಟಿರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಊರು ಮುಳುಗಲಿ ಎಂದೇ ಬೇಡಿಕೊಂಡ ಹಾಗಾಯಿತಲ್ಲ ಎಂದು ಮರುಕ್ಷಣ ಹೊಳೆದು, ತನ್ನ ಮೇಲೆ ತನಗೇ ಅಸಹ್ಯವಾಗಿ, ಇಡೀ ಮೈಭಾರ ಹಾಕಿ ಎಳೆದಳು.

ಗಂಟೆ ಮೊಳಗಿತು. ಮುನ್ನೂರು ಮುಖಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಅವಳು ಯಾರನ್ನೂ ನೋಡದೆ ಎಳೆಯುತ್ತಲೇ ಹೋದಳು. ಗೆಲ್ಡೊಫ್ ಹಿರಿಯರ ಬೆಂಚಿನಿಂದ ಎದ್ದು ಸಾಲುಗಳ ನಡುವೆ ನಡೆದು ಬಂದು, ಅವಳ ಮುಂದೆ ನಿಂತ. ಅವನ ಮುಖ ಸುಣ್ಣದಷ್ಟು ಬೆಳ್ಳಗಿತ್ತು. ಕೋಪವೆಂದು ಅವಳು ತಿಳಿದಳು.

"ಬಿಳಿ ಕಲ್ಲು ಮುಟ್ಟಿತಾ?" ಎಂದ.

ಸುಳ್ಳು ಹೇಳಿಬಿಡಬಹುದಿತ್ತು. ಮಿನಾಳಿಗೆ ಅದು ತೋಚಲೇ ಇಲ್ಲ. "ಇಲ್ಲ ಹಿರಿಯರೇ. ಮುಟ್ಟುತ್ತೆ," ಎಂದಳು.

ಊರೆಲ್ಲ ಕಂಡಿಗೆ ಬಂತು. ಬಂದು ನಿಂತಿತು. ನನ್ನ ಅಜ್ಜಿ ಆ ಗುಂಪಿನಲ್ಲಿದ್ದಳು, ಹದಿನೆಂಟರ ಹುಡುಗಿ. ಮುಂದೆ ನಡೆದದ್ದನ್ನು ಹೇಳುವಾಗ ಅವಳಿಗೆ ಮುಪ್ಪಿನಲ್ಲೂ ಮೈ ಜುಮ್ಮೆನ್ನುತ್ತಿತ್ತು. ಗೆಲ್ಡೊಫ್ ಗೋಡೆಯಾಚೆ ಬಗ್ಗಿ ನೋಡಿ, ಬಿಳಿ ಕಲ್ಲಿಗೆ ಇನ್ನೂ ಒಂದು ಗೇಣು ಇದೆ, ಸಭೆಯ ಮಾತು ಸಭೆಯ ಮಾತೇ, ಅಲ್ಲಿಯತನಕ ಯಾರೂ ಹಲಗೆ ಮುಟ್ಟಬಾರದು ಎಂದ. ಯಾರೂ ಮುಟ್ಟಲಿಲ್ಲ. ನೂರು ಗಂಡಸರು ಭಾನುವಾರದ ಕಪ್ಪು ಕೋಟಿನಲ್ಲಿ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದು ಕಲ್ಲು ನೆನೆಯುವುದನ್ನೇ ಕಾಯುತ್ತಾ ನಿಂತರು. ಪಾದ್ರಿಗಳು ಹೊಸಬರು, ಹಿರಿಯನ ಮುಖ ನೋಡಿ ಸುಮ್ಮನಾದರು. ಗಾಳಿ ನೊರೆಯನ್ನು ಕಿತ್ತು ತಂದು ಅವರ ಮುಖಕ್ಕೆ ಎರಚುತ್ತಿತ್ತು. ಓಡಲು ಎಲ್ಲರಿಗೂ ಕಾಲು ತುಡಿಯುತ್ತಿತ್ತು. ಒಬ್ಬನೂ ಓಡಲಿಲ್ಲ, ಯಾಕೆಂದರೆ ಪಕ್ಕದವನು ಓಡುತ್ತಿರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರ ಕಥೆ ಕೇಳಿದ್ದೇನೆ. ಸೂರೆ ಹೋಗುವುದನ್ನು ಸಾಲಾಗಿ ನಿಂತು ಕಾದವರು ನಮ್ಮವರು.

ಅಷ್ಟರಲ್ಲಿ ಕೊಟ್ಟಿಗೆಯೊಳಗಿಂದ ಮರ ನೆಲಕ್ಕೆ ಉಜ್ಜುವ ಸದ್ದು ಬಂತು. ಮಿನಾ ಒಬ್ಬಳೇ ಒಂದು ಹಲಗೆಯನ್ನು ತುದಿ ಹಿಡಿದು ಎಳೆದು ತರುತ್ತಿದ್ದಳು. ಅವಳಿಗೆ ಧೈರ್ಯ ಬಂದಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಲ್ಲು ಕಟಕಟ ಎನ್ನುತ್ತಿತ್ತು, ಅಳು ಬರುತ್ತಿತ್ತು. ಕಾದು ನಿಲ್ಲುವುದಕ್ಕೂ ಅವಳಿಗೆ ಹೆದರಿಕೆ, ಅಷ್ಟೇ. ಹತ್ತು ಹೆಜ್ಜೆ ಎಳೆದು ಎಡವಿ ಮಂಡಿಯ ಮೇಲೆ ಬಿದ್ದಳು. ಗಂಡಸರು ನೆಲ ನೋಡಿದರು. ಗುಂಪಿನಿಂದ ಒಬ್ಬ ಹೆಂಗಸು ಹೊರಬಂದು ಹಲಗೆಯ ಇನ್ನೊಂದು ತುದಿ ಎತ್ತಿದಳು. ಅದು ಆದ್ರಿಯಾನಾ, ಗೆಲ್ಡೊಫ್‌ನ ಹೆಂಡತಿ.

"ಆದ್ರಿಯಾನಾ, ಬಿಡು ಅದನ್ನ," ಎಂದ ಗೆಲ್ಡೊಫ್.

"ನೀವು ಕಲ್ಲು ನೋಡ್ತಾ ಇರಿ," ಎಂದಳು ಅವಳು. "ಸಮುದ್ರ ಬಂದಾಗ ಹೇಳಿ ಕಳಿಸಿ."

ಮೊದಲ ಹಲಗೆ ಸೀಳಿನೊಳಗೆ ಇಳಿಯಿತು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಬಂದರು. ಸಭೆಯಲ್ಲಿ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಹಾಗಾಗಿ ಸಭೆಯ ಮಾತು ಮುರಿಯುವುದು ಅವರಿಗೆ ಅಷ್ಟೇನೂ ಭಾರವಾಗಲಿಲ್ಲ. ಬಿಳಿ ಟೊಪ್ಪಿಗೆಗಳು ಗಾಳಿಗೆ ಹಾರಿಹೋದವು. ಇಬ್ಬಿಬ್ಬರಾಗಿ ಹೊತ್ತರು. ಹೊರಗೋಡೆಯ ಐದನೇ ಹಲಗೆ ಇಳಿಯುವಾಗ ನನ್ನ ಅಜ್ಜಿಯ ಅಣ್ಣ ಕೋಟು ಬಿಚ್ಚಿ ಬಿಸಾಕಿ ಬಂದ. ಅವನ ಹಿಂದೆ ಇನ್ನಿಬ್ಬರು ಬಂದರು. ಆರನೇ ಹಲಗೆ ಇಳಿಯುವಾಗ ಯಾರೋ ಬಿಳಿ ಕಲ್ಲು ಹೋಯಿತೆಂದು ಕೂಗಿದರು. ಕಟ್ಟು ಬಿಚ್ಚಿದ ಹಾಗಾಯಿತು. ನೂರು ಗಂಡಸರೂ ಒಟ್ಟಿಗೆ ನುಗ್ಗಿದರು, ಲದ್ದಿಗಾಡಿಗಳು ಉರುಳಿಕೊಂಡು ಬಂದವು.

ನೀರು ಏಳನೇ ಕಲ್ಲು ದಾಟಿ ರಸ್ತೆಗೆ ಬಂದಾಗ ಹೊರಗಿನ ಗೋಡೆ ಮುಗಿದಿತ್ತು, ಒಳಗಿನದು ಮುಕ್ಕಾಲಾಗಿತ್ತು. ಬಿಳಿ ಕಲ್ಲಿನ ತನಕ ಎಲ್ಲರೂ ಕಾದಿದ್ದರೆ ಆ ಮೊದಲಿನ ಆರು ಹಲಗೆಗಳು ಇರುತ್ತಿರಲಿಲ್ಲ. ಸಮುದ್ರ ಹಲಗೆಗೆ ಬಂದು ಒರಗಿತು. ಮೂರನೇ ಹಲಗೆ, ಐದನೆಯದು, ಎಂಟನೆಯದು ಎಂದು ಮೇಲೇರಿತು. ಓಕ್ ನರಳತೊಡಗಿತು. ಸಂದುಗಳಿಂದ ನೀರು ತೆಳ್ಳಗೆ ಚಿಮ್ಮಿ ಕಣ್ಣಿಗೆ ಹೊಡೆಯಿತು. ಲದ್ದಿ ತುಳಿಯುವವರು ತುಳಿಯುತ್ತಿದ್ದರು, ಉಳಿದವರು ಒಳಗಿನ ಗೋಡೆಗೆ ಬೆನ್ನು ಕೊಟ್ಟು ನಿಂತರು. ಮಿನಾ ಒಂದು ತುದಿಯಲ್ಲಿ, ಕಲ್ಲುಗೋಡೆಯ ಪಕ್ಕ, ಭುಜ ಒತ್ತಿ ನಿಂತಿದ್ದಳು. ಬೆನ್ನ ಹಿಂದೆ ಒಂದಾಳೆತ್ತರ ಸಮುದ್ರ ಉಸಿರಾಡುವುದು ಹಲಗೆಯ ಮೂಲಕ ಅವಳ ಎಲುಬಿಗೆ ತಾಗುತ್ತಿತ್ತು. ಎದುರಿಗೇ ಅವಳ ಮನೆ, ಕಿಟಕಿಯೊಳಗೆ ಅತ್ತೆಯ ಮಂಚದ ತೆರೆದ ಬಾಗಿಲು. ಹೆದರಿಕೆ ಎಷ್ಟಿತ್ತೆಂದರೆ ಅವಳಿಗೆ ಪ್ರಾರ್ಥನೆಯ ಮಾತುಗಳೇ ಮರೆತುಹೋಗಿದ್ದವು.

ಪಕ್ಕದಲ್ಲಿ ಭುಜ ಕೊಟ್ಟು ನಿಂತವನು ಗೆಲ್ಡೊಫ್ ಎಂದು ತಿಳಿದದ್ದು ಅವನು ಮಾತಾಡಿದಾಗ. ಅವನ ದೊಡ್ಡ ದನಿ ಎಲ್ಲೋ ಹೋಗಿತ್ತು.

"ಮಿನಾ. ಕ್ರೈನ್ ನಿನಗೇನಾದ್ರೂ ಹೇಳಿದ್ನಾ? ನನ್ ವಿಷಯ?"

ಅವಳಿಗೆ ಅರ್ಥವಾಗಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು.

"ಅವತ್ತು ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಓಡಿದ್ದು ನಾನು. ಕಂಡಿಗಲ್ಲ. ಗೋಪುರ ಹತ್ತಿಬಿಟ್ಟೆ. ಹೆಂಡತೀನ ಬೆಂಚಿನ ಮೇಲೇ ಬಿಟ್ಟು. ನಿಮ್ಮೆಲ್ಲರ ಕೆಲಸ ಮುಗಿಯೋ ತನಕ ಮೇಲೇ ಕೂತಿದ್ದೆ. ಮೆಟ್ಟಿಲ ಬುಡದಲ್ಲಿ ಹಗ್ಗ ಹಿಡ್ಕೊಂಡಿದ್ದೋನು ಕ್ರೈನ್. ಅವನೊಬ್ಬನೇ ನೋಡಿದ್ದು." ಅವನು ಉಸಿರೆಳೆದುಕೊಂಡ. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಅದಕ್ಕೇ ಅವನು ಬಾಯಿ ಬಿಡೋ ಮೊದಲು ನಾನೇ ಅವನನ್ನ ಹೇಡಿ ಅಂದೆ. ಹಾಳಾದೋನು ಯಾರಿಗೂ ಹೇಳ್ಲೇ ಇಲ್ಲ."

ಒಂಬತ್ತನೇ ಹಲಗೆಯ ಸಂದಿನಿಂದ ನೀರು ಬಂತು. ಯಾರೋ ಒಂದು ಬುಟ್ಟಿ ಲದ್ದಿ ಸುರಿದರು. ನಾಲ್ಕು ವರ್ಷ ತನ್ನ ಮನೆಯಲ್ಲಿ ಕೂತಿದ್ದ ಆ ಮೌನ ಏನೆಂದು ಮಿನಾಳಿಗೆ ಈಗ ತಿಳಿಯಿತು. ಹೊಡೆದುಬಿಡಬೇಕೆನ್ನಿಸಿತು. ಆದರೆ ಹಲಗೆಯಿಂದ ಭುಜ ತೆಗೆಯುವಂತಿರಲಿಲ್ಲ.

"ಇದನ್ನ ನನ್ಹತ್ರ ಹೇಳಿ ಏನು ಬಂತು?" ಎಂದಳು. "ಅವ್ರನ್ನ ಎಲ್ಲಿ ನಿಲ್ಲಿಸಿದ್ರೋ ಅಲ್ಲಿ ಹೇಳಿ."

ಹೇಳ್ತೀನಿ, ಬದುಕಿದ್ರೆ ಬರೋ ಭಾನುವಾರ ಹೇಳ್ತೀನಿ, ಎಂದ ಅವನು.

ಸಂಜೆ ನಾಲ್ಕೂವರೆಗೆ ಹಲಗೆಯ ನರಳಾಟ ನಿಂತಿತು. ಮೊದಲು ಅದನ್ನು ಗಮನಿಸಿದವಳು ಮಿನಾ. ನೀರು ಒಂಬತ್ತನೇ ಹಲಗೆಯಿಂದ ಒಂದು ಬೆರಳು ಕೆಳಗೆ ಇಳಿದಿತ್ತು. ಅವಳು ಅಲ್ಲೇ ಲದ್ದಿಯ ಮೇಲೆ ಕುಸಿದು ಕೂತಳು.

ಆ ವಾರ ಊರು ಅವಳನ್ನು ಕಂಡರೆ ಟೋಪಿ ತೆಗೆಯಿತು. ಯಾರೋ ಬಾಗಿಲಿಗೆ ಒಂದು ಬುಟ್ಟಿ ಮಸ್ಸೆಲ್ ಎಂಬ ಚಿಪ್ಪುಮೀನು ಇಟ್ಟುಹೋದರು, ಇನ್ನೊಬ್ಬರು ಹಂದಿಮಾಂಸ ಕೊಟ್ಟರು. ಅತ್ತೆ ಎಲ್ಲವನ್ನೂ ತಿಂದು, ಉಪ್ಪು ಕಡಿಮೆ ಎಂದಳು. ಭಾನುವಾರ ಹತ್ತಿರ ಬಂದಷ್ಟೂ ಮಿನಾಳಿಗೆ ಅದೊಂದೇ ಯೋಚನೆ. ಗೆಲ್ಡೊಫ್ ಹೇಳದೇ ಹೋದರೆ? ಆಗ ಕ್ರೈನ್ ಎಂದೆಂದಿಗೂ ಊರಿನ ಹೇಡಿಯಾಗಿಯೇ ಮಣ್ಣಿನಡಿ ಉಳಿಯುತ್ತಾನೆ. ಅದನ್ನು ತಿಳಿದುಕೊಂಡು ತಾನು ಬದುಕಿರಬೇಕು.

ಭಾನುವಾರ ನೀರು ಎರಡನೇ ಕಲ್ಲಿನಲ್ಲೇ ಇತ್ತು, ಗಾಳಿಯೇ ಇರಲಿಲ್ಲ. ಅವಳು ಅತ್ತೆಯ ಹತ್ತಿರ ಪಕ್ಕದ ಮನೆಯವಳನ್ನು ಕೂರಿಸಿ ಚರ್ಚಿಗೆ ಹೋದಳು. ಪಾದ್ರಿಗಳು ದೇವರ ಕರುಣೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ಸಮುದ್ರವನ್ನು ಹಿಡಿದದ್ದು ಅವನ ಕೈ ಎಂದರು. ಲದ್ದಿಯ ಹೆಸರೂ ಬರಲಿಲ್ಲ, ಬಿಳಿ ಕಲ್ಲಿಗೆ ಮೊದಲೇ ಇಳಿದ ಆರು ಹಲಗೆಗಳ ಹೆಸರೂ ಬರಲಿಲ್ಲ. ಎಲ್ಲರಿಗೂ ಸಮಾಧಾನವಾದಂತಿತ್ತು. ಮಿನಾ ಮೊದಲ ಪೆಪ್ಪರ್‌ಮಿಂಟಿನಿಂದ ಕೊನೆಯ ಕೀರ್ತನೆಯ ತನಕ ಹಿರಿಯರ ಬೆಂಚಿನಲ್ಲಿದ್ದ ಆ ಅಗಲ ಬೆನ್ನನ್ನೇ ನೋಡುತ್ತಿದ್ದಳು. ಅದು ಅಲ್ಲಾಡಲಿಲ್ಲ. ಪಾದ್ರಿಗಳು ಆಶೀರ್ವಾದಕ್ಕೆ ಕೈ ಎತ್ತಿದರು.

ಮಿನಾ ಎದ್ದು ನಿಂತಳು.

ನಮ್ಮ ಚರ್ಚಿನಲ್ಲಿ ಹೆಂಗಸು ಮಾತಾಡುವ ಹಾಗಿಲ್ಲ. ಅವಳು ಮಾತಾಡಲಿಲ್ಲ. ಕ್ರೈನ್ ನಿಂತಿದ್ದ ಜಾಗಕ್ಕೆ ನಡೆದು ಹೋಗಿ, ಬೆಂಚಿನ ತುದಿ ಹಿಡಿದು ನಿಂತುಕೊಂಡಳು. ಇಡೀ ಮೈ ಎಷ್ಟು ನಡುಗುತ್ತಿತ್ತೆಂದರೆ ಬೆಂಚೂ ಸದ್ದು ಮಾಡುತ್ತಿತ್ತು. ಹಲಗೆಯ ಹಿಂದೆ ಸಮುದ್ರವಿದ್ದಾಗಲೂ ಅವಳು ಹೀಗೆ ನಡುಗಿರಲಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಪಾದ್ರಿಗಳ ಕೈ ಗಾಳಿಯಲ್ಲೇ ಉಳಿಯಿತು.

ಆದ್ರಿಯಾನಾ ತನ್ನ ಜಾಗದಿಂದ ಗಂಡನ ಕಡೆ ನೋಡಿದಳು. ಗೆಲ್ಡೊಫ್ ನಿಧಾನವಾಗಿ ಎದ್ದ. ಸಭೆಯ ಕಡೆ ತಿರುಗದೆ, ಮುಂದಿನ ಬೆಂಚಿನ ಮರಕ್ಕೆ ಹೇಳಿದ ಹಾಗೆ, ತಗ್ಗಿದ ದನಿಯಲ್ಲಿ, ಕ್ರೈನ್ ವಿಸ್ಸೆಯ ಮೇಲೆ ಸಭೆ ಹೊರಿಸಿದ ತಪ್ಪು ಅವನದಾಗಿರಲಿಲ್ಲ ಎಂದು ಹೇಳಿ ಕೂರಲು ಹೊರಟ.

"ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ, ಹಿರಿಯರೇ," ಎಂದಳು ಮಿನಾ.

ಗೆಲ್ಡೊಫ್ ಕೂರಲಿಲ್ಲ. ಜನರ ಕಡೆ ತಿರುಗಿ, ಗೋಪುರದ ಮೆಟ್ಟಿಲಿನಿಂದ ಶುರುಮಾಡಿ, ಎಲ್ಲವನ್ನೂ ಹೇಳಿದ.